ದೋಣಿಯಾತನನ್ನು ನಾನು ಬದುಕಿಸಿದ್ದು

ಯಾರಿಗಾದರೂ ಪುಸ್ತಕ ಓದಿ ಹೇಳುವಾಗ ಪುಟದ ಮೇಲೆ ಎಡಗೈ ಹೆಬ್ಬೆರಳನ್ನು ಅಡ್ಡ ಇಡುವ ಚಟ ನನಗಿದೆ. ಇಷ್ಟು ವರ್ಷ ಯಾರೂ ಗಮನಿಸಿರಲಿಲ್ಲ. ಮೊನ್ನೆ ನನ್ನ ಆರು ವರ್ಷದ ಮಗಳು ಹಿಡಿದುಹಾಕಿದಳು.

“ಅವ್ವಾ, ಬಟ್ಟ ತಗಿ. ಅದರ ಕೆಳಗ ಏನೈತಿ?”

“ಏನೂ ಇಲ್ಲವಾ.”

“ಮತ್ತ ಚಿತ್ರದಾಗ ತ್ವಾಳ ಇಷ್ಟ ದೊಡ್ಡ ಬಾಯಿ ತಗದೈತಿ. ನೀ ನೋಡಿದ್ರ ಅದು ಕುರಿಮರಿ ಕೂಡ ಚಾ ಕುಡದ ಮನಿಗಿ ಹೋತು ಅಂತೀದಿ!”

ನನಗೆ ನಗು ತಡೆಯಲಾಗಲಿಲ್ಲ. ಅವಳಿಗೆ ಸಿಟ್ಟು. ಹೆಬ್ಬೆರಳು ತೆಗೆಸಿ, ತೋಳದ ಕೈಯಲ್ಲಿ ಕುರಿಮರಿಯನ್ನು ತಿನ್ನಿಸಿಯೇ ಬಿಟ್ಟಳು. ಈಗಿನ ಮಕ್ಕಳ ಎದೆ ಗಟ್ಟಿ. ಆದರೆ ಈ ಚಟ ನನಗೆ ಹುಟ್ಟಿನಿಂದ ಬಂದದ್ದಲ್ಲ ಎಂದು ಅವಳಿಗೆ ಹೇಳಬೇಕಿತ್ತು. ಅವಳು ಅಷ್ಟರಲ್ಲಿ ಆಡಲು ಓಡಿಹೋಗಿದ್ದಳು. ಆದ್ದರಿಂದ ನಿಮಗೆ ಹೇಳುತ್ತೇನೆ.

ಅದು ನಾನು ಗೋಕಾಕದಲ್ಲಿ ಬಿ.ಎ. ಕೊನೆಯ ಪರೀಕ್ಷೆ ಬರೆದು, ಪಾಸಾಗುತ್ತೇನೋ ಇಲ್ಲವೋ ಎಂದು ಉಗುರು ಕಚ್ಚುತ್ತಾ ಕುಳಿತ ಬೇಸಿಗೆ. ಕಲ್ಲೋಳಿಯಲ್ಲಿದ್ದ ನಮ್ಮ ಕಾಕಾನಿಗೆ, ಎಂದರೆ ಅಪ್ಪನ ತಮ್ಮನಿಗೆ, ಇದ್ದಕ್ಕಿದ್ದಂತೆ ಉಸಿರು ಕಟ್ಟತೊಡಗಿತು. ಎದೆಯಲ್ಲಿ ನೀರು ತುಂಬಿದೆ ಎಂದು ಗೋಕಾಕದ ದವಾಖಾನೆಗೆ ಸೇರಿಸಿದರು. ಅಪ್ಪ ಅವನ ಜೊತೆಗೆ ನಿಂತ, ಅವ್ವ ಡಬ್ಬಿ ಕಟ್ಟತೊಡಗಿದಳು. ಕಾಕಾನ ಒಬ್ಬಳೇ ಮಗಳು ವಿಜಿಯಕ್ಕ ಹುಕ್ಕೇರಿಯಲ್ಲಿ ಹೈಸ್ಕೂಲಿನ ಕನ್ನಡ ಟೀಚರು. ಅವಳಿಗೆ ಪರೀಕ್ಷೆಯ ಪೇಪರು ತಿದ್ದುವುದು ಮುಗಿಯುವ ತನಕ ರಜೆ ಇರಲಿಲ್ಲ. ಉಳಿದವಳು ನಾನು. ಕಲ್ಲೋಳಿಯ ಬಸ್ಸು ಹತ್ತಿಸುವಾಗ ಅವ್ವ ಹೇಳಿದ್ದು ಒಂದೇ ಮಾತು: “ಕೆಲಸಾ ಮಾಡೂದ ನಿನಗ ಗೊತ್ತಿಲ್ಲಂತ ಎಲ್ಲಾರಿಗೂ ಗೊತ್ತೈತಿ. ಕಾಕು ಒಬ್ಬಾಕಿ ಅದಾಳ. ಮಾತಾಡಿಸಿಕೋತ ಇರು, ಸಾಕು.”

ಮಾತಾಡಿಸುವುದು ನನಗೆ ಬರುತ್ತಿತ್ತು. ಆದರೆ ಕಾಕಾನ ಹೆಂಡತಿ ಕಾಕು ಮಾತಾಡುವವಳಲ್ಲ. ಬೆಳಿಗ್ಗೆ ಎರಡೆಮ್ಮೆ ಹಿಂಡಿ, ಹೊಲಕ್ಕೆ ಹೋಗಿ ಮೋಟರು ಚಾಲೂ ಮಾಡಿ ಕಬ್ಬಿಗೆ ನೀರು ಬಿಟ್ಟು, ಹತ್ತರ ಬಸ್ಸಿಗೆ ಗೋಕಾಕಕ್ಕೆ ಹೋಗಿ ಕಾಕಾನ ಮುಖ ನೋಡಿ, ಮಧ್ಯಾಹ್ನದ ಊಟದ ಹೊತ್ತಿಗೆ ಮನೆಗೆ ಬರುತ್ತಿದ್ದಳು. ಬಂದು ಸುಮ್ಮನೆ ಕೂರುವ ಜಾತಿಯೂ ಅಲ್ಲ. ಬೇಸಿಗೆಯಲ್ಲವೇ? ಹಿತ್ತಲಿನ ಬೇವಿನ ನೆರಳಲ್ಲಿ ಶ್ಯಾವಿಗೆಯ ಮಣೆ ಹೂಡಿ, ಬಾಜೂ ಮನೆಯ ನೀಲವ್ವಜ್ಜಿಯನ್ನು ಕರೆದುಕೊಂಡು ಶ್ಯಾವಿಗೆ ಎಳೆಯುತ್ತಿದ್ದಳು. ನಾನು ಟಿವಿ ಹಚ್ಚಿದರೆ ಅವಳೇ ಬಂದು ಆರಿಸಿದಳು.

“ಬ್ಯಾಡವಾ ಅದು. ಎಲ್ಲಾ ಧಾರಾವಾಹಿಯಾಗೂ ಯಾರರೆ ಒಬ್ಬರನ್ನ ದವಾಖಾನಿಗೆ ಹಾಕಿರ್ತಾರ. ನೀ ಸಾಲಿ ಕಲತಾಕಿ. ಯಾವುದರೆ ಒಂದ ಚೊಲೋ ಕತಿ ಓದಿ ಹೇಳು.”

ಕಾಕು ನಾಲ್ಕನೇ ಇಯತ್ತೆಯ ತನಕ ಓದಿದ್ದಳು. ಅಕ್ಷರ ಬರುತ್ತಿತ್ತು, ಕೈ ಖಾಲಿ ಇರುತ್ತಿರಲಿಲ್ಲ. ನಾನು ಕಾಕಾನ ಸ್ಕೂಟಿ ಹತ್ತಿ ಮೂಡಲಗಿಯ ಗ್ರಂಥಾಲಯಕ್ಕೆ ಹೋಗಿ, ದಪ್ಪಗಿದ್ದುದರಲ್ಲಿ ದಪ್ಪನೆಯದನ್ನು ಆರಿಸಿ ತಂದೆ. ಪುಸ್ತಕ ದಪ್ಪ ಇದ್ದಷ್ಟು ನಾನು ಶ್ಯಾವಿಗೆ ಎಳೆಯುವುದು ತಪ್ಪುತ್ತದೆ ಎಂಬುದು ಒಳಗಿನ ಲೆಕ್ಕಾಚಾರ.

ಆ ಕಾದಂಬರಿಯ ಹೆಸರು ಹೇಳುವುದಿಲ್ಲ. ನಾನು ಅದಕ್ಕೆ ಮಾಡಿದ ಅನ್ಯಾಯ ಕೇಳಿದ ಮೇಲೆ ನೀವೂ ಹೇಳಬೇಡ ಎನ್ನುತ್ತೀರಿ. ಯಾವುದೋ ಹೊರದೇಶದ್ದು, ಬಹಳ ಹಳೆಯದು. ಕನ್ನಡಕ್ಕೆ ಬಂದು ಆ ಅನುವಾದಕ್ಕೂ ವಯಸ್ಸಾಗಿತ್ತು. ಒಂದು ಚಳಿಯ ಊರು, ಊರ ಪಕ್ಕದಲ್ಲಿ ದೊಡ್ಡ ಹೊಳೆ. ಜನರನ್ನು ಆಚೆ ದಡಕ್ಕೆ ದಾಟಿಸುವ ಒಬ್ಬ ದೋಣಿಯಾತ, ಊರವರ ಬಟ್ಟೆ ಒಗೆಯುವ ಅವನ ಹೆಂಡತಿ, ಓದಿನ ಹುಚ್ಚು ಹತ್ತಿದ ಹನ್ನೆರಡು ವರ್ಷದ ಮಗಳು, ಅವಳ ಹಿಂದೆ ಇಬ್ಬರು ಚಿಕ್ಕ ತಮ್ಮಂದಿರು. ಮನೆಯಲ್ಲಿ ಒಂದು ಹೊತ್ತಿನ ರೊಟ್ಟಿ ಇದ್ದರೆ ಇನ್ನೊಂದು ಹೊತ್ತಿನದು ಇಲ್ಲ. ಶಾಲೆ ಹೊಳೆಯ ಆಚೆ ದಡದಲ್ಲಿ. ದೋಣಿಯಾತ ಹಾಡು ಹೇಳುತ್ತಾ ಮಗಳನ್ನು ದಿನಾ ದಾಟಿಸುತ್ತಾನೆ. ಕಾಕುವಿಗೆ ಎರಡೇ ದಿನದಲ್ಲಿ ಆ ಮನೆಯವರೆಲ್ಲಾ ನಮ್ಮ ಓಣಿಯವರಾಗಿಬಿಟ್ಟರು. “ಆ ಸಣ್ಣದಕ್ಕ ಕೆಮ್ಮ ಹೆಂಗೈತಂತ?” ಎಂದು ಬೆಳಿಗ್ಗೆ ಸೆಗಣಿ ಬಾಚುತ್ತಲೇ ಕೇಳುತ್ತಿದ್ದಳು.

ನಾಲ್ಕನೆಯ ದಿನ ಕಾಕು ಗೋಕಾಕದಿಂದ ಬಂದವಳು ಊಟ ಮಾಡಲಿಲ್ಲ. ಮಣೆಯ ಮುಂದೆ ಕೂತು ಹಿಟ್ಟು ನಾದುತ್ತಾ ಹೇಳಿದಳು, “ನಾಳಿ ಮುಂಜಾನಿ ಎದಿಗೆ ಸೂಜಿ ಹಾಕಿ ನೀರ ತಗೀತಾರಂತ. ಡಾಕ್ಟರ ಅಂಜಬ್ಯಾಡ್ರಿ ಅಂದ್ರು. ನಾ ಅಂಜಿಲ್ಲ. ನೀ ಓದವಾ.”

ನಾನು ಎಪ್ಪತ್ತನೇ ಪುಟ ತೆರೆದೆ. ಹೊಸ ಅಧ್ಯಾಯ. ಬಾಯಿ ಓದುವುದಕ್ಕಿಂತ ಕಣ್ಣು ಒಂದು ಸಾಲು ಮುಂದೆ ಓಡುತ್ತಿರುತ್ತದಲ್ಲ, ಓಡಿದ ನನ್ನ ಕಣ್ಣು ಗಕ್ಕನೆ ನಿಂತಿತು. ವಾರದಿಂದ ಜ್ವರದಲ್ಲಿದ್ದ ದೋಣಿಯಾತ ಆ ಬೆಳಿಗ್ಗೆ ಏಳುವುದಿಲ್ಲ. ಹೆಂಡತಿ ಹಣೆ ಮುಟ್ಟಿ ನೋಡುತ್ತಾಳೆ. ತಣ್ಣಗಿದೆ.

ನನ್ನ ಹೆಬ್ಬೆರಳು ತಾನಾಗಿ ಆ ಸಾಲಿನ ಮೇಲೆ ಹೋಗಿ ಕೂತಿತು.

“ಅಂದು ಬೆಳಿಗ್ಗೆ ದೋಣಿಯಾತ...” ಎಂದೆ.

“ಹೂಂ, ದೋಣಿಯಾತ?” ಕಾಕುವಿನ ಕೈ ಹಿಟ್ಟಿನಲ್ಲೇ ನಿಂತಿತ್ತು.

“ದೋಣಿಯಾತ ಎದ್ದು ಕೂತ. ಜ್ವರ ಬಿಟ್ಟಿತ್ತು. ಹೊಟ್ಟಿ ಹಸದೈತಿ ಅಂದ. ಆಮ್ಯಾಲೆ... ಉಪ್ಪಿಟ್ಟು ತಿಂದ.”

ಕಾಕು ಉಸಿರು ಬಿಟ್ಟಳು. ನೀಲವ್ವಜ್ಜಿ ಮಾತ್ರ ಕಣ್ಣು ಕಿರಿದು ಮಾಡಿದಳು. “ಆ ದೇಶದಾಗೂ ಉಪ್ಪಿಟ್ಟ ಮಾಡ್ತಾರೇನ ತಂಗಿ?”

“ಕನ್ನಡಕ್ಕ ಅನುವಾದ ಮಾಡ್ಯಾರಲ್ಲಜ್ಜಿ, ಎಲ್ಲಾ ನಮ್ಮಂಗ ಇರತೈತಿ.”

ಮರುದಿನ ಕಾಕಾನ ಎದೆಯ ನೀರು ತೆಗೆದರು, ಕಾಕಾ ಆರಾಮಾಗಿ ಕೂತು ಗಂಜಿ ಕುಡಿದ ಎಂದು ಅಪ್ಪನ ಫೋನು ಬಂತು. ನನ್ನ ಸಂತೋಷಕ್ಕೆ ಪಾರವಿಲ್ಲ. ಕಾಕಾ ಉಳಿದದ್ದು ನನ್ನ ಉಪ್ಪಿಟ್ಟಿನಿಂದಲೇ ಎಂದು ಒಳಗೊಳಗೆ ಬೀಗಿದೆ. ಅರ್ಧ ತಾಸಿನ ಮೇಲೆ ನೆನಪಾಯಿತು: ಒಬ್ಬ ಸತ್ತವನನ್ನು ಇನ್ನೂರ ಎಪ್ಪತ್ತು ಪುಟ ಬದುಕಿಸಿಡಬೇಕು.

ಬದುಕಿದವರನ್ನು ನಿಭಾಯಿಸುವುದೇ ಕಷ್ಟ, ಸತ್ತವನ ಸಂಸಾರ ಕೇಳಬೇಡಿ. ಹೆಬ್ಬೆರಳು ಒಂದು ಸಾಲು ಮುಚ್ಚುತ್ತದೆ, ದುಃಖ ಪುಟದ ತುಂಬಾ ಇತ್ತು. ಒಮ್ಮೆ ಎಚ್ಚರ ತಪ್ಪಿ “ತಾಯಿ ಬಿಕ್ಕಿ ಬಿಕ್ಕಿ ಅತ್ತಳು” ಎಂದು ಓದಿಬಿಟ್ಟೆ.

“ಯಾಕ ಅತ್ಲು?” ಎಂದಳು ಕಾಕು.

“ಉಳ್ಳಾಗಡ್ಡಿ ಹೆಚ್ಚಾಕತ್ತಿದ್ಳು.”

ಮರುದಿನ ಮತ್ತೆ ಅತ್ತಳು. ಅದರ ಮರುದಿನವೂ ಅತ್ತಳು. “ಎಷ್ಟ ಉಳ್ಳಾಗಡ್ಡಿ ಹೆಚ್ಚತಾಳ ತಂಗಿ ಅಕಿ?” ಎಂದಳು ನೀಲವ್ವಜ್ಜಿ. “ಊರ ಊಟಾ ಏನರೆ ಐತೇನ?” ಊರವರೆಲ್ಲ ಕರಿ ಬಟ್ಟೆ ತೊಟ್ಟು ಮನೆಗೆ ಬಂದರು ಎಂಬಲ್ಲಿ ಊರ ಊಟವನ್ನೇ ಇಟ್ಟುಬಿಟ್ಟೆ. ದೋಣಿಯಾತ ಬಡಿಸಿದ.

ಮುಂದೆ ಬಂತು ನೋಡಿ ಪೇಚು. ಕಾದಂಬರಿಯಲ್ಲಿ ಅಪ್ಪ ಸತ್ತ ಒಂಬತ್ತನೆಯ ದಿನ, ಮನೆಯಲ್ಲಿ ಹಿಟ್ಟಿಲ್ಲದಾಗ, ಆ ಹನ್ನೆರಡು ವರ್ಷದ ಹುಡುಗಿ ತಾನೇ ದಡಕ್ಕೆ ಹೋಗಿ ದೋಣಿ ಬಿಚ್ಚುತ್ತಾಳೆ. ಹುಟ್ಟು ಅವಳಿಗಿಂತ ಉದ್ದ. ಮೊದಲ ದಿನ ದೋಣಿ ಗರಗರ ತಿರುಗುತ್ತದೆ, ದಡದಲ್ಲಿದ್ದವರು ನಗುತ್ತಾರೆ. ಅವಳು ಮತ್ತೆ ಹಾಕುತ್ತಾಳೆ. ಅಂಗೈ ಒಡೆದು ರಕ್ತ ಬಂದರೂ ಬಿಡುವುದಿಲ್ಲ. ಬೆಳಿಗ್ಗೆ ಜನರನ್ನು ದಾಟಿಸಿ, ಮಧ್ಯಾಹ್ನ ಆಚೆ ದಡದ ಶಾಲೆಯ ಕಿಟಕಿಯ ಹೊರಗೆ ನಿಂತು ಪಾಠ ಕೇಳುತ್ತಾಳೆ. ನಾನು ಒಬ್ಬಳೇ ಇದ್ದಾಗ ಆ ಭಾಗ ಓದಿಕೊಂಡು ಹೋ ಎಂದು ಅತ್ತಿದ್ದೇನೆ. ಆದರೆ ಓದಿ ಹೇಳುವಾಗ? ಅಪ್ಪ ಬದುಕಿರುವಾಗ ಮಗಳು ಯಾಕೆ ದೋಣಿ ನಡೆಸಬೇಕು? ಹುಟ್ಟನ್ನು ಅವಳ ಕೈಯಿಂದ ಕಿತ್ತು ಅಪ್ಪನಿಗೆ ಕೊಟ್ಟೆ. ಅವಳನ್ನು ಎಣ್ಣೆ ಹಚ್ಚಿ ತಲೆ ಬಾಚಿ ಶಾಲೆಯ ಒಳಗೆ ಕೂರಿಸಿದೆ.

ಅಷ್ಟರಲ್ಲಿ ಕಾಕಾ ಮನೆಗೆ ಬಂದ. ಒಂದು ಸುತ್ತು ಇಳಿದಿದ್ದ, ಆದರೆ ಹಣೆಯ ವಿಭೂತಿಯೂ ಬಾಯಿಯೂ ಮೊದಲಿನ ಹಾಗೇ ಇದ್ದವು. ಹಾಸಿಗೆಯಲ್ಲಿ ಮಲಗಿರಲು ಹೇಳಿದರೆ ಹಗ್ಗದ ಹೊರಸನ್ನು ಬೇವಿನ ಕೆಳಗೆ ಹಾಕಿಸಿಕೊಂಡ. ಈಗ ಕೇಳುಗರು ಮೂವರು.

ಕಾಕು ಅವನಿಗೆ ಹಿಂದಿನ ಕತೆಯನ್ನೆಲ್ಲ ಹೇಳಿದಳು. “ನಿಮ್ಮಂಗ ಒಬ್ಬಾವ ಅದಾನ್ರಿ. ಅವಗೂ ಜಡ್ಡ ಬಂದಿತ್ತು, ಅವನೂ ಎದ್ದ.” ಅಷ್ಟು ಸಾಕಾಯಿತು. ಕಾಕಾ ಆ ದೋಣಿಯಾತನನ್ನು ದತ್ತು ತೆಗೆದುಕೊಂಡುಬಿಟ್ಟ.

“ಸುನಂದಾ, ಇವತ್ತ ಅವ ಯಾಕ ಒಂದೂ ಮಾತ ಆಡವಲ್ಲ?”

“ಕಾಕಾ, ಅವ ಸ್ವಲ್ಪ ಮಾತ ಕಡಿಮಿ.”

“ಮದಲ ಹಾಡಾ ಹಾಡ್ತಿದ್ನಂತ?”

“ಜ್ವರಾ ಬಂದ ಮ್ಯಾಲೆ ದನೀ ಕೂತೈತಿ.”

“ಮೆಣಸಿನ ಕಷಾಯಾ ಕುಡೀಲಿ. ಬರದಿಲ್ಲೇನ ಅದರಾಗ?”

ಬರೆದಿರಲಿಲ್ಲ. ನಾನು ಬರೆದೆ. ನಿಜಕ್ಕೂ ಬರೆದೆ! ದಿನಾ ಬೆಳಿಗ್ಗೆ ಕಾಕು ಹೊಲಕ್ಕೆ ಹೋದ ಮೇಲೆ ಹಳೆಯ ನೋಟ್‌ಬುಕ್ಕಿನಲ್ಲಿ ಅಂದಿನ ದೋಣಿಯಾತನನ್ನು ಬರೆದಿಟ್ಟು, ಆ ಹಾಳೆಯನ್ನು ಪುಸ್ತಕದ ನಡುವೆ ಸೇರಿಸಿ ಓದತೊಡಗಿದೆ. ಪರೀಕ್ಷೆಗೆ ಹೀಗೆ ಬರೆದಿದ್ದರೆ ಫಲಿತಾಂಶಕ್ಕೆ ಹೆದರಬೇಕಿರಲಿಲ್ಲ. ದೋಣಿಯಾತ ಕಷಾಯ ಕುಡಿದ, ದನಿ ಬಂತು, ಹಾಡಿದ. ಪ್ರವಾಹದಲ್ಲಿ ಒಂದು ಎಮ್ಮೆಯನ್ನು ಉಳಿಸಿದ. ಕಾಕಾ ಹೊರಸಿನ ಮೇಲೆ ಎದ್ದು ಕೂತು ಚಪ್ಪಾಳೆ ಹೊಡೆದ. ಒಂದು ರೊಟ್ಟಿ ಹೆಚ್ಚು ಉಂಡ. ಕಾಕು ಕೈಯ ಹಿಟ್ಟು ಒರೆಸಿಕೊಳ್ಳುತ್ತಾ ಅವನು ಉಣ್ಣುವುದನ್ನು ನೋಡಿದಳು. ಇಷ್ಟು ಆಗುತ್ತಿದ್ದರೆ ಸುಳ್ಳಾದರೇನು ಎಂದು ನನಗೆ ರೆಕ್ಕೆ ಬಂದಿತ್ತು. ಮೂಲ ಲೇಖಕರು ಎದುರು ಬಂದಿದ್ದರೆ ಅವರಿಗೇ ಎರಡು ಮಾತು ಕಲಿಸುತ್ತಿದ್ದೆ.

ಆದರೆ ಕಾಕುವಿಗೆ ಎಲ್ಲೋ ಏನೋ ಸಪ್ಪೆ ಅನಿಸತೊಡಗಿತ್ತು. “ಆ ಹುಡಿಗಿ ಮದಲ ಎಷ್ಟ ಚೂಟಿ ಇದ್ಲು. ಈಗ ಯಾಕ ಬರೇ ಸಾಲಿಗೆ ಹೋಗ್ತಾಳ, ಬರ್ತಾಳ?” ಎಂದು ಒಮ್ಮೆ ಕೇಳಿದಳು. ಎಮ್ಮೆ ಉಳಿಸುವ ಗಡಿಬಿಡಿಯಲ್ಲಿದ್ದ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ವಿಜಿಯಕ್ಕನ ಪೇಪರು ಮುಗಿದವು. ಒಂದು ಮಧ್ಯಾಹ್ನ, ನಾನು ಇನ್ನೂರ ಹತ್ತನೇ ಪುಟದಲ್ಲಿ ದೋಣಿಯಾತನಿಗೆ ಸನ್ಮಾನ ಮಾಡಿಸುತ್ತಿದ್ದಾಗ ಅವಳು ಹುಕ್ಕೇರಿಯಿಂದ ಬಂದಿಳಿದಳು. ಚೀಲ ಇಟ್ಟು, ಅಪ್ಪನ ಕೈ ಹಿಡಿದು ಸ್ವಲ್ಪ ಅತ್ತು, ನೀರು ಕುಡಿದು, ಆಮೇಲೆ ನನ್ನ ತೊಡೆಯ ಮೇಲಿನ ಪುಸ್ತಕ ನೋಡಿದಳು.

“ಅಯ್ಯ, ಈ ಕಾದಂಬರಿ! ಅವರಪ್ಪ ಸಾಯೂದ ಓದಿ ನಾ ಎರಡ ದಿನಾ ಊಟಾ ಬಿಟ್ಟಿದ್ನಿ.”

ನಾನು ತಟ್ಟನೆ ಪುಸ್ತಕ ಮುಚ್ಚಿದೆ.

“ಯಾರ ಸಾಯೂದ?” ಎಂದ ಕಾಕಾ.

“ಅವನಪಾ, ದೋಣಿಯಾತ.”

“ಹುಚ್ಚಿ, ಅವ ಈಗ ಶಾಲು ಹೊಚ್ಚಿಸಿಕೊಳ್ಳಾಕತ್ತಾನ!”

ವಿಜಿಯಕ್ಕ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡಳು. ಅದರಿಂದ ನನ್ನ ನೋಟ್‌ಬುಕ್ಕಿನ ಹಾಳೆಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ಟೀಚರಲ್ಲವೇ, ಕಾಪಿ ಹಿಡಿಯುವುದರಲ್ಲಿ ನುರಿತ ಕೈ. ಹಾಳೆ ಓದಿದಳು, ನನ್ನ ಮುಖ ನೋಡಿದಳು. “ಎಪ್ಪತ್ತನೇ ಪುಟದಾಗ ಸತ್ತಾನಪಾ ಅವ. ಇದನ್ನೆಲ್ಲಾ ಈಕಿ ಬರದಾಳ.”

ಕಾಕಾ ಬೆರಳು ಮಡಚಿ ಎಣಿಸಿದ. “ಎಪ್ಪತ್ತಕ್ಕ ಸತ್ತಾನ. ಈಗ ಇನ್ನೂರಾ ಹತ್ತು. ಅಂದ್ರ ನೂರಾ ನಲವತ್ತ ಪುಟಾ ಹೆಣಾ ದೋಣಿ ನಡಸೇತಿ!” ಅಂದವನೇ ನಗಲು ಶುರು ಮಾಡಿದ. ಹೊರಸು ಕಿರಗುಟ್ಟಿತು. “ಹೆಣಾ ಕಷಾಯಾ ಕುಡದೈತಿ! ಹೆಣಾ ಎಮ್ಮಿ ಉಳಿಸೇತಿ!” ಎಂದು ಕೆಮ್ಮುತ್ತಾ, ಎದೆ ಹಿಡಿದುಕೊಳ್ಳುತ್ತಾ, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ನೀಲವ್ವಜ್ಜಿ, “ನನಗ ಉಪ್ಪಿಟ್ಟಿನಾಗ ಸಂಶೇ ಬಂದಿತ್ತು” ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ವಿಜಿಯಕ್ಕ ನೆಲಕ್ಕೆ ಕೂತು ಹೊಟ್ಟೆ ಹಿಡಿದುಕೊಂಡಳು. ನಾನೂ ನಗುತ್ತಿದ್ದೆ, ನಾಚಿಕೆಗೆ ಬೇರೆ ದಾರಿ ಇರಲಿಲ್ಲ.

ಕಾಕು ನಗಲಿಲ್ಲ.

“ಹಂಗಾರ ದೋಣಿ ನಡಸಿದ್ದ ಯಾರು?” ಎಂದು ಕೇಳಿದಳು.

“ಆ ಹುಡಿಗೀನಬೇ,” ಎಂದಳು ವಿಜಿಯಕ್ಕ.

ಕಾಕು ಎದ್ದು ಕೈ ತೊಳೆದುಕೊಂಡು ಎಮ್ಮೆಗಳ ಕಡೆ ನಡೆದಳು. ಅರ್ಧ ಎಳೆದ ಶ್ಯಾವಿಗೆ ಹಾಗೇ ಜೋತುಬಿದ್ದಿತ್ತು. ನನ್ನ ನಗೆ ನಿಂತಿತು. ಸಂಜೆಯ ತನಕ ಅವಳು ನನ್ನ ಕಡೆ ನೋಡಲಿಲ್ಲ. ನಾನು ಚೀಲದಲ್ಲಿ ಬಟ್ಟೆ ತುಂಬತೊಡಗಿದೆ. ಹಾಲು ಹಿಂಡುವ ಹೊತ್ತಿಗೆ ಧೈರ್ಯ ಮಾಡಿ ಹೋಗಿ ಅವಳ ಹಿಂದೆ ನಿಂತೆ.

“ತಪ್ಪಾತು ಕಾಕು. ಆವತ್ತ ನೀ ಉಂಡಿರಲಿಲ್ಲ. ಕಾಕಾಗ ಮರುದಿನಾ ಸೂಜಿ ಹಾಕಾವ್ರಿದ್ರು. ನನಗ ಓದಾಕ ಆಗಲಿಲ್ಲ.”

ಅವಳು ತಿರುಗದೆ ಹಿಂಡುತ್ತಲೇ ಹೇಳಿದಳು, “ನಿನಗ ಆಗಲಿಲ್ಲ, ಖರೆ. ನನಗ ಆಗೂದಿಲ್ಲಂತ ಯಾರ ಹೇಳಿದ್ರು? ಇಷ್ಟ ದಿನಾ ಎಮ್ಮಿ ಹಿಂಡೇನಿ, ಹೊಲಕ್ಕ ನೀರ ಬಿಟ್ಟೇನಿ, ದವಾಖಾನಿಯಾಗ ಅವರ ಮುಂದ ನಕ್ಕೋತ ಕುಂತೇನಿ. ಬಸ್ಸಿನಾಗ ಅತ್ತೇನಿ. ಒಂದ ಕತಿ ತಡಕೊಳ್ಳಾಕ ಆಗತಿರಲಿಲ್ಲೇನ ನನಗ?” ಕೈ ಸ್ವಲ್ಪ ನಿಂತಿತು. “ಅವ ಸತ್ತದ್ದಕ್ಕ ನನಗ ಸಿಟ್ಟ ಇಲ್ಲವಾ. ಸತ್ತ ಮ್ಯಾಲೆ ಆ ಹುಡಿಗಿ ಹೆಂಗ ನಿಂತ್ಲು ಅನ್ನೂದ ಬೇಕಾಗಿತ್ತ ನನಗ. ನನಗ ಆವಾಗನ ಬೇಕಾಗಿತ್ತ ಅದು. ನೀ ಅದನ್ನ ಮುಚ್ಚಿಟ್ಟಿ.”

ನಾನು ಅಲ್ಲೇ ಹುಲ್ಲಿನ ಮೇಲೆ ಕುಸಿದು ಕೂತು ಅತ್ತೆ. ಕಾಕು ಹಿಂಡುವುದು ಮುಗಿಸಿ, ನೊರೆಹಾಲಿನ ಚರಿಗೆಯನ್ನು ನನ್ನ ಕೈಗೆ ಕೊಟ್ಟಳು. “ಚೆಲ್ಲಬ್ಯಾಡ. ಬಟ್ಟಿ ಚೀಲದಾಗಿಂದ ತಗದ ಇಡು. ಪುಸ್ತಕ ಇನ್ನೂ ಮುಗದಿಲ್ಲ.”

ಮರುದಿನ ಮಧ್ಯಾಹ್ನ ನಾನು ಪುಸ್ತಕಕ್ಕೆ ಕೈ ಹಾಕಿದರೆ ಮೂವರೂ ಒಟ್ಟಿಗೆ “ನೀ ಬ್ಯಾಡ!” ಎಂದರು. ನನ್ನ ಮೇಲಿನ ನಂಬಿಕೆ ಎಪ್ಪತ್ತನೇ ಪುಟದಲ್ಲೇ ತೀರಿಕೊಂಡಿತ್ತು. ವಿಜಿಯಕ್ಕ ಓದಲಿ ಎಂದರೆ ಅವಳಿಗೆ ಆ ಪುಟ ನೆನೆದರೇ ಅಳು ಬರುತ್ತದೆ. ಕಡೆಗೆ ಕಾಕಾ ಕನ್ನಡಕ ಹಾಕಿಕೊಂಡ. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಓದಿ ಅಭ್ಯಾಸವಿದ್ದವನು. ಅದೇ ರಾಗದಲ್ಲಿ ಶುರು ಮಾಡಿದ. ಚಳಿಯ ದೇಶದ ಬೆಳಗು ಆ ರಾಗದಲ್ಲಿ ಬೆಳಗಿದ್ದು ಕೇಳಿ ವಿಜಿಯಕ್ಕ ಸೆರಗನ್ನು, ನಾನು ವೇಲನ್ನು ಬಾಯಿಗೆ ತುರುಕಿಕೊಂಡೆವು. ಆದರೆ ಹೆಂಡತಿ ದೋಣಿಯಾತನ ಹಣೆ ಮುಟ್ಟುವಲ್ಲಿ ರಾಗ ತಾನಾಗಿ ಕಳಚಿತು. ಬರೀ ಕಾಕಾನ ದನಿ ಉಳಿಯಿತು. ಅವನು ನಿಲ್ಲಿಸಲಿಲ್ಲ. ಸಾಲಿನ ಕೆಳಗೆ ಬೆರಳಿಟ್ಟು, ನಿಧಾನಕ್ಕೆ, ಕೊನೆಯ ತನಕ ಓದಿದ. ನೀಲವ್ವಜ್ಜಿ ಅತ್ತಳು, ವಿಜಿಯಕ್ಕ ಅತ್ತಳು. ಕಾಕು ಶ್ಯಾವಿಗೆ ಎಳೆಯುತ್ತಲೇ ಇದ್ದಳು, ಎಳೆ ಒಂದೂ ಕಡಿಯಲಿಲ್ಲ.

“ಓದ್ರಿ ಮುಂದ,” ಎಂದಳು.

ಮುಂದೆ ಹುಡುಗಿ ದೋಣಿ ಬಿಚ್ಚಿದಳು. ದೋಣಿ ತಿರುಗಿತು, ಜನ ನಕ್ಕರು. ಕಾಕು ಶ್ಯಾವಿಗೆ ಬಿಟ್ಟು ಮುಂದಕ್ಕೆ ಬಾಗಿದಳು. ಅಂಗೈ ಒಡೆದಲ್ಲಿ “ಎಣ್ಣಿ ಹಚ್ಚಕೋ ಯವ್ವಾ” ಎಂದಳು, ಪುಸ್ತಕದೊಳಗಿನ ಹುಡುಗಿಗೆ. ದೋಣಿ ಮೊದಲ ಸಲ ನೆಟ್ಟಗೆ ಆಚೆ ದಡ ಮುಟ್ಟಿದಾಗ ಕಾಕು ಎರಡೂ ಕೈಯ ಹಿಟ್ಟು ಹಾರುವಂತೆ ಚಪ್ಪಾಳೆ ತಟ್ಟಿದಳು. ಕಾಕಾನ ಕನ್ನಡಕದ ಮೇಲೂ ಹಿಟ್ಟು. ಅವನು ಕನ್ನಡಕ ತೆಗೆದು ಒರೆಸುತ್ತಾ, ಬಹಳ ಹೊತ್ತು ಹೆಂಡತಿಯನ್ನೇ ನೋಡಿದ.

“ನಾ ಇಲ್ಲದಾಗ ಮೋಟಾರ ಯಾರ ಚಾಲೂ ಮಾಡ್ತಿದ್ರು?”

“ನಾನರಿ.”

“ಮದಲನೇ ದಿನಾ ಹತ್ತೇನ?”

“ಇಲ್ಲರಿ. ಗರ್ ಅಂದ ಬಂದ್ ಆತು. ಬಾಜೂ ಹೊಲದಾವ್ರು ನಕ್ರು.”

“ಮತ್ತ?”

“ಮತ್ತೇನ, ಮತ್ತ ಒತ್ತಿದ್ನಿ.”

ಕಾಕಾ ಕನ್ನಡಕ ಏರಿಸಿಕೊಂಡು ಮುಂದಿನ ಅಧ್ಯಾಯ ತೆಗೆದ. ಅವತ್ತಿನಿಂದ ಅವನ ಓದು ಬೇರೆಯೇ ಆಯಿತು. ಹುಡುಗಿಯ ಮಾತು ಬಂದಲ್ಲೆಲ್ಲ ದನಿ ಎತ್ತರಿಸಿ, ಕಾಕುವಿನ ಕಡೆ ತಿರುಗಿ ಓದುತ್ತಿದ್ದ. ಹತ್ತು ದಿನಕ್ಕೆ ಪುಸ್ತಕ ಮುಗಿಯಿತು. ಕೊನೆಯ ಪುಟದಲ್ಲಿ ಆ ಹುಡುಗಿ ದೊಡ್ಡವಳಾಗಿ, ಯಾವ ಶಾಲೆಯ ಕಿಟಕಿಯ ಹೊರಗೆ ನಿಂತಿದ್ದಳೋ ಅದೇ ಶಾಲೆಯ ಒಳಗೆ ಪಾಠ ಹೇಳಲು ನಿಲ್ಲುತ್ತಾಳೆ. ದೋಣಿಯನ್ನು ತಾನೇ ನಡೆಸಿಕೊಂಡು ಬಂದಿರುತ್ತಾಳೆ. ಓದಿ ಮುಗಿದಾಗ ಓಣಿಯ ಏಳೆಂಟು ಹೆಂಗಸರು ಬೇವಿನ ಕೆಳಗೆ ಸೇರಿದ್ದರು. ಯಾರೂ ಏಳಲಿಲ್ಲ. ಅಂದೇ ಬೆಳಿಗ್ಗೆ ನನ್ನ ಫಲಿತಾಂಶ ಬಂದು, ನಾನು ಪಾಸಾಗಿದ್ದೆ. ಅದನ್ನು ಹೇಳಿದರೂ ಯಾರೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

“ಇನ್ನೊಮ್ಮಿ ಓದ್ರಿ,” ಎಂದಳು ಕಾಕು.

“ಎಲ್ಲಿಂದ?”

“ಅವ ಸತ್ತಲ್ಲಿಂದ.”

ಹೆಂಗಸರು ಗೊಳ್ಳೆಂದರು. ಕಾಕಾ ಹುಸಿಮುನಿಸಿನಿಂದ ಹೆಂಡತಿಯನ್ನು ನೋಡಿದ. “ಮದಲ ಚಾ ಮಾಡು. ಸಾಯಾಕೂ ತ್ರಾಣ ಬೇಕಲ್ಲ.”

ಕಾಕು ನಗುತ್ತಾ ಒಳಗೆ ಹೋಗಿ ಎಲ್ಲರಿಗೂ ಚಹಾ ತಂದಳು. ಕುಡಿದು ಮುಗಿದ ಮೇಲೆ ಕಾಕಾ ಕನ್ನಡಕ ಏರಿಸಿ, ಎಪ್ಪತ್ತನೇ ಪುಟ ತೆಗೆದು, ಗಂಟಲು ಸರಿಮಾಡಿಕೊಂಡು, ಹೆಂಡತಿಯ ಎದುರು, ಮಗಳ ಎದುರು, ಓಣಿಯವರೆಲ್ಲರ ಎದುರು ಒಂದಕ್ಷರವೂ ಬಿಡದೆ ಖುಷಿಯಿಂದ ಸತ್ತ.